ಡಯಾಬಿಟಿಕ್ ಕೀಟೋಆಸಿಡೋಸಿಸ್: ಕೇಸ್ ಶೀಟ್ ಬರೆಯುವವರು, ಕೋಡ್ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆ ಕುಮಟಾದಲ್ಲಿ. ಮೊದಲು ಜಿಲ್ಲೆಯ ಒಂದು ಆಸ್ಪತ್ರೆಯ ಎಂಆರ್‌ಡಿಯಲ್ಲಿ, ಅಂದರೆ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿದೆ. ಈಗ ಮನೆಯಲ್ಲೇ ಕೂತು ಅಮೆರಿಕದ ಆಸ್ಪತ್ರೆಗಳ ಫೈಲುಗಳಿಗೆ ಕೋಡ್ ಹಾಕುತ್ತೇನೆ, ಅಂದರೆ ಡಾಕ್ಟರು ಬರೆದ ಪ್ರತಿ ರೋಗಕ್ಕೂ ಕೋಡ್ ಪುಸ್ತಕದಲ್ಲಿರುವ ಗುರುತನ್ನು ಹಾಕುವ ಕೆಲಸ. ಸಂಜೆ ಹೊತ್ತು ಊರಿನ ನಾಲ್ಕೈದು ಮಕ್ಕಳಿಗೆ ಈ ಕೆಲಸ ಹೇಳಿಕೊಡುತ್ತೇನೆ. ಕಾರವಾರದಿಂದ, ಶಿರಸಿಯಿಂದ, ಭಟ್ಕಳದಿಂದ ಫೋನ್ ಮಾಡಿ ಕೇಳುವವರಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಒಂದೇ ಕಾಯಿಲೆಯಲ್ಲಿ. ಅದು ಡಯಾಬಿಟಿಕ್ ಕೀಟೋಆಸಿಡೋಸಿಸ್, ಚಿಕ್ಕದಾಗಿ ಡಿಕೆಎ. ಅವರ ಪ್ರಶ್ನೆಗಳನ್ನು, ನನಗೆ ಗೊತ್ತಿರುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕೋಡುಗಳ ಇಂಗ್ಲಿಷ್ ಅಕ್ಷರವನ್ನು ಕನ್ನಡದಲ್ಲೇ ಬರೆದಿದ್ದೇನೆ. ಇ10 ಅಂದರೆ ಕೋಡ್ ಪುಸ್ತಕದ ಇ ಅಕ್ಷರ, ಆಮೇಲೆ ಹತ್ತು. ಇದು ಬರವಣಿಗೆ ಮತ್ತು ಕೋಡಿಂಗ್ ಬಗ್ಗೆ ಮಾತ್ರ. ಚಿಕಿತ್ಸೆ ವಿಷಯ ಡಾಕ್ಟರ ಹತ್ತಿರವೇ ಕೇಳಿ.

ಡಿಕೆಎ ಅಂದರೇನು? ಕೋಡ್ ಹಾಕುವವರಿಗೆ ಅದರ ಬಗ್ಗೆ ಎಷ್ಟು ಗೊತ್ತಿದ್ದರೆ ಸಾಕು?

ದೇಹಕ್ಕೆ ಇನ್ಸುಲಿನ್ ಸಾಲದೇ ಹೋದಾಗ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಕ್ಕೆ ಅದು ಸಿಗುವುದಿಲ್ಲ. ದೇಹ ಕೊಬ್ಬನ್ನು ಕರಗಿಸುತ್ತದೆ. ಆಗ ಕೀಟೋನ್ ಎಂಬ ಆಮ್ಲ ಹುಟ್ಟಿ ರಕ್ತ ಹುಳಿಯಾಗುತ್ತದೆ. ವಾಂತಿ, ಹೊಟ್ಟೆನೋವು, ವಿಪರೀತ ಬಾಯಾರಿಕೆ, ಆಳವಾದ ಜೋರು ಉಸಿರಾಟ ಬರುತ್ತದೆ. ಕೆಲವರ ಉಸಿರಿನಲ್ಲಿ ನೇಲ್ ಪಾಲಿಶ್ ಒರೆಸುವ ದ್ರವದಂಥ ವಾಸನೆ ಇರುತ್ತದೆ.

ಹೆಸರಿನಲ್ಲೇ ಮೂರು ಭಾಗ ಇದೆ ನೋಡಿ. ಡಯಾಬಿಟಿಸ್, ಕೀಟೋನ್, ಆಸಿಡ್. ಮೂರೂ ಇದ್ದರೆ ಮಾತ್ರ ಡಿಕೆಎ. 2024ರಲ್ಲಿ ಅಮೆರಿಕ, ಯುರೋಪಿನ ಮಧುಮೇಹ ಸಂಘಗಳು ಸೇರಿ ಹೊಸದಾಗಿ ಒಪ್ಪಿಕೊಂಡ ಮಾನದಂಡ ಹೀಗಿದೆ: ಗ್ಲೂಕೋಸ್ 200 ಅಥವಾ ಜಾಸ್ತಿ, ಇಲ್ಲವೇ ಮೊದಲೇ ಡಯಾಬಿಟಿಸ್ ಇರುವುದು. ರಕ್ತದ ಕೀಟೋನ್ 3 ಅಥವಾ ಮೇಲೆ, ಇಲ್ಲವೇ ಮೂತ್ರದಲ್ಲಿ 2+ ಅಥವಾ ಮೇಲೆ. ರಕ್ತದ ಹುಳಿ ಅಳೆಯುವ ಪಿಎಚ್ 7.3ಕ್ಕಿಂತ ಕಮ್ಮಿ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ), ಅಥವಾ ಹುಳಿಯನ್ನು ತಗ್ಗಿಸುವ ಬೈಕಾರ್ಬೊನೇಟ್ 18ಕ್ಕಿಂತ ಕಮ್ಮಿ. ಮೊದಲು ಗ್ಲೂಕೋಸ್ 250 ದಾಟಿರಬೇಕು ಅನ್ನುತ್ತಿದ್ದರು. ಹಳೇ ಪ್ರೋಟೋಕಾಲ್ ಹಾಳೆಗಳಲ್ಲಿ ಈಗಲೂ ಅದೇ ಇದೆ.

ಮೂತ್ರದಲ್ಲಿ ಕೀಟೋನ್ ಇದೆ, ಆದರೆ ರಕ್ತ ಹುಳಿಯಾಗಿಲ್ಲ ಅಂದರೆ ಅದು ಬರೀ ಕೀಟೋಸಿಸ್. ಅದಕ್ಕೆ ಕೀಟೋಆಸಿಡೋಸಿಸ್ ಕೋಡ್ ಹಾಕಬೇಡಿ.

ಡಾಕ್ಟರು ಬರೆಯಲೇಬೇಕಾದದ್ದು ಯಾವುದು?

ಮೂರು ಮಾತು. ಯಾವ ಟೈಪ್ ಡಯಾಬಿಟಿಸ್, ಕೋಮಾ ಇತ್ತೋ ಇಲ್ಲವೋ, ಯಾಕೆ ಬಂತು. ಮೊದಲ ಎರಡರ ಮೇಲೆ ಕೋಡ್ ನಿಲ್ಲುತ್ತದೆ. ಮೂರನೆಯದರ ಮೇಲೆ ಉಳಿದ ಕೋಡುಗಳು, ವಿಮೆ, ಆ ರೋಗಿ ಮತ್ತೆ ಬರುತ್ತಾನೋ ಇಲ್ಲವೋ ಎಲ್ಲವೂ ನಿಲ್ಲುತ್ತದೆ.

ಎಂಆರ್‌ಡಿಗೆ ಬರುವ ಎಷ್ಟೋ ಡಿಸ್ಚಾರ್ಜ್ ಸಮ್ಮರಿಗಳಲ್ಲಿ ಹೀಗಿರುತ್ತದೆ: "ಡಿಎಂ, ಅನ್‌ಕಂಟ್ರೋಲ್ಡ್. ವಾಂತಿ. ಚಿಕಿತ್ಸೆ ನೀಡಿ ಮನೆಗೆ ಕಳಿಸಲಾಗಿದೆ." ಇದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಡಿಎಂ ಅಂದರೆ ಡಯಾಬಿಟಿಸ್, ಸರಿ. ಅನ್‌ಕಂಟ್ರೋಲ್ಡ್ ಅಂದರೆ ಸಕ್ಕರೆ ಏರಿದ್ದಾ, ಇಳಿದಿದ್ದಾ? ಅಮೆರಿಕದ ಕೋಡ್ ಪುಸ್ತಕದಲ್ಲಿ ಆ ಪದ ಹುಡುಕಿದರೆ ಪುಸ್ತಕವೂ ಅದನ್ನೇ ಕೇಳುತ್ತದೆ.

ಅದೇ ರೋಗಿಯ ಬಗ್ಗೆ ಹೀಗೆ ಬರೆದರೆ ನೋಡಿ:

"ಟೈಪ್ 1 ಡಯಾಬಿಟಿಸ್, ಡಯಾಬಿಟಿಕ್ ಕೀಟೋಆಸಿಡೋಸಿಸ್, ಮಧ್ಯಮ ತೀವ್ರತೆ, ಕೋಮಾ ಇಲ್ಲ. ಕಾರಣ: ಇನ್ಸುಲಿನ್ ಮುಗಿದು ಮೂರು ದಿನ ಚುಚ್ಚಿಕೊಂಡಿಲ್ಲ. ಬಂದಾಗ ಗ್ಲೂಕೋಸ್ 468, ಪಿಎಚ್ 7.18, ಬೈಕಾರ್ಬ್ 11, ಸೋಡಿಯಂ 132, ಕ್ಲೋರೈಡ್ 96, ಮೂತ್ರ ಕೀಟೋನ್ 3+."

ಬರೆಯಲು ಎರಡು ನಿಮಿಷ ಸಾಕು. ಸೋಡಿಯಂನಿಂದ ಕ್ಲೋರೈಡ್, ಬೈಕಾರ್ಬ್ ಎರಡನ್ನೂ ಕಳೆದರೆ ಆನಯಾನ್ ಗ್ಯಾಪ್, ಅಂದರೆ ರಕ್ತದಲ್ಲಿ ಆಮ್ಲ ಸೇರಿರುವುದನ್ನು ತೋರಿಸುವ ಲೆಕ್ಕ, 25 ಬರುತ್ತದೆ. ವಿಮೆಯವರ ಕಡೆಯ ಡಾಕ್ಟರು ಇದನ್ನೆಲ್ಲ ಒಂದೇ ನೋಟಕ್ಕೆ ನೋಡಿ ಒಪ್ಪುತ್ತಾರೆ. ಪಿಎಚ್ 7.0ರಿಂದ 7.25ರ ನಡುವೆ ಇದ್ದರೆ, ಇಲ್ಲವೇ ಬೈಕಾರ್ಬ್ 10ರಿಂದ 15ರ ನಡುವೆ ಇದ್ದರೆ ಮಧ್ಯಮ. ಅದಕ್ಕಿಂತ ಕೆಳಗಿಳಿದರೆ ತೀವ್ರ.

ನಮ್ಮ ಆಸ್ಪತ್ರೆಯ ಕೋಡೂ ಅಮೆರಿಕದ ಕೋಡೂ ಬೇರೆಯಾ? ಎರಡಕ್ಕೂ ಐಸಿಡಿ-10 ಅಂತಲೇ ಹೇಳುತ್ತಾರಲ್ಲ?

ಬೇರೆ. ಮನೆಯಿಂದ ಕೆಲಸ ಶುರು ಮಾಡುವವರು ಮೊದಲು ಎಡವುವುದೇ ಇಲ್ಲಿ.

ಐಸಿಡಿ ಅಂದರೆ ರೋಗಗಳ ಅಂತರರಾಷ್ಟ್ರೀಯ ಕೋಡ್ ಪಟ್ಟಿ. ನಮ್ಮ ಎಂಆರ್‌ಡಿಗಳಲ್ಲಿ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10. ಇದರಲ್ಲಿ ಡಯಾಬಿಟಿಸ್ ಕೋಡಿಗೆ ನಾಲ್ಕು ಅಂಕೆ-ಅಕ್ಷರ ಮಾತ್ರ. ಇ10 ಟೈಪ್ 1, ಇ11 ಟೈಪ್ 2, ಇ12 ಅಪೌಷ್ಟಿಕತೆಯಿಂದ ಬಂದದ್ದು, ಇ13 ಬೇರೆ ಬಗೆ, ಇ14 ಬಗೆ ತಿಳಿಯದ್ದು. ಚುಕ್ಕೆಯ ನಂತರ 1 ಇದ್ದರೆ ಕೋಮಾ ಇಲ್ಲದ ಕೀಟೋಆಸಿಡೋಸಿಸ್. ಕೋಮಾ ಇದ್ದರೆ ಅದು ಚುಕ್ಕೆ 0ಗೆ ಹೋಗುತ್ತದೆ. ಹಾಗಾಗಿ ಟೈಪ್ 1, ಡಿಕೆಎ, ಕೋಮಾ ಇಲ್ಲ ಅಂದರೆ ಇ10.1. ಕೋಮಾ ಇದ್ದರೆ ಇ10.0.

ಅಮೆರಿಕದವರು ಇದನ್ನೇ ಹಿಗ್ಗಿಸಿ ಐಸಿಡಿ-10-ಸಿಎಂ ಮಾಡಿಕೊಂಡಿದ್ದಾರೆ. ಅಲ್ಲಿ 2015ರ ಅಕ್ಟೋಬರ್ 1ರಿಂದ ಇದು ಜಾರಿಯಲ್ಲಿದೆ. ಅದರಲ್ಲಿ ಡಿಕೆಎಗೆ ಐದು ಅಂಕೆ-ಅಕ್ಷರ ಬೇಕು. ಇ10.10 ಅಂದರೆ ಕೋಮಾ ಇಲ್ಲ, ಇ10.11 ಅಂದರೆ ಕೋಮಾ ಇದೆ. ಟೈಪ್ 2ಗೆ ಇ11.10, ಇ11.11. ಬೇರೆ ಕಾಯಿಲೆಯಿಂದ ಬಂದ ಡಯಾಬಿಟಿಸ್ ಆದರೆ ಇ08.10, ಔಷಧಿಯಿಂದ ಬಂದದ್ದಾದರೆ ಇ09.10, ಉಳಿದ ಬಗೆಗೆ ಇ13.10.

ಅಲ್ಲಿ ಇ12 ಇಲ್ಲ, ಇ14 ಕೂಡ ಇಲ್ಲ. ಅಮೆರಿಕದ ಫೈಲಿಗೆ ಇ14.1 ಹಾಕಿದರೆ ಸಾಫ್ಟ್‌ವೇರ್ ಅದನ್ನು ತೆಗೆದುಕೊಳ್ಳುವುದೇ ಇಲ್ಲ.

ಇನ್ನು ಐಸಿಡಿ-11. 2022ರ ಜನವರಿಯಿಂದ ಅದು ಅಧಿಕೃತವಾಗಿ ಜಾರಿಗೆ ಬಂದಿದೆ. ಅದರಲ್ಲಿ ಟೈಪಿಗೆ ಒಂದು ಕೋಡ್, ಆಸಿಡೋಸಿಸ್‌ಗೆ ಇನ್ನೊಂದು ಕೋಡ್. ಟೈಪ್ 1 ಅಂದರೆ 5ಎ10, ಟೈಪ್ 2 ಅಂದರೆ 5ಎ11. ಡಯಾಬಿಟಿಸ್‌ನ ಆಸಿಡೋಸಿಸ್ 5ಎ22ರ ಕೆಳಗೆ ಬರುತ್ತದೆ. ಎರಡನ್ನೂ ಜೋಡಿಸಿ ಬರೆಯಬೇಕು.

ಡಾಕ್ಟರು ಬರೀ ಡಿಕೆಎ ಅಂತ ಬರೆದಿದ್ದಾರೆ. ಟೈಪ್ ಇಲ್ಲ. ಏನು ಮಾಡಲಿ?

ಮೊದಲು ಇಡೀ ಫೈಲ್ ಓದಿ. ಸಮ್ಮರಿಯಲ್ಲಿ ಇಲ್ಲದ್ದು ಒಪಿಡಿ ಚೀಟಿಯಲ್ಲೋ, ಫಿಸಿಶಿಯನ್ ರೌಂಡ್ಸ್ ನೋಟಿನಲ್ಲೋ ಸಿಗುತ್ತದೆ. ಅಲ್ಲೂ ಇಲ್ಲದಿದ್ದರೆ ಡಾಕ್ಟರನ್ನೇ ಕೇಳಿ. ಕೇಳಿದ ಮೇಲೂ ಉತ್ತರ ಬರದಿದ್ದರೆ ಅಮೆರಿಕದ ನಿಯಮದ ಪ್ರಕಾರ ಟೈಪ್ 2 ಎಂದೇ ಹಿಡಿಯಬೇಕು, ಅಂದರೆ ಇ11.10. ನಮ್ಮ ಕಡೆ ಆದರೆ ಇ14.1.

ರೋಗಿ ಚಿಕ್ಕ ಹುಡುಗ, ಅದಕ್ಕೆ ಟೈಪ್ 1 ಇರಬೇಕು ಎಂದು ನೀವು ನಿರ್ಧರಿಸುವ ಹಾಗಿಲ್ಲ. ಇನ್ಸುಲಿನ್ ತೆಗೆದುಕೊಳ್ಳುತ್ತಾನೆ, ಅದಕ್ಕೆ ಟೈಪ್ 1 ಅನ್ನುವ ಹಾಗೂ ಇಲ್ಲ. ಟೈಪ್ 2 ರೋಗಿ ಮನೆಯಲ್ಲಿ ದಿನವೂ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಝಡ್79.4 ಸೇರಿಸಿ. ಆಸ್ಪತ್ರೆಯಲ್ಲಿ ಎರಡು ದಿನ ಇನ್ಸುಲಿನ್ ಡ್ರಿಪ್ ಹಾಕಿದರು ಎಂಬ ಒಂದೇ ಕಾರಣಕ್ಕೆ ಅದನ್ನು ಸೇರಿಸಬೇಡಿ. ಡಿಕೆಎ ಬಂದ ಹೆಚ್ಚಿನವರಿಗೆ ಡ್ರಿಪ್ ಹಾಕುತ್ತಾರೆ, ಅಲ್ವಾ?

ನನ್ನ ಕ್ಲಾಸಿನ ನೋಟ್ಸಿನಲ್ಲಿ ಟೈಪ್ 2 ಡಿಕೆಎಗೆ ಇ13.10 ಅಂತಿದೆ. ಯಾವುದು ಸರಿ?

ನೋಟ್ಸ್ ಹಳೆಯದು. ಅಮೆರಿಕದ ಪುಸ್ತಕದಲ್ಲಿ ಮೊದಲು ಟೈಪ್ 2ಗೆ ಕೀಟೋಆಸಿಡೋಸಿಸ್ ಕೋಡೇ ಇರಲಿಲ್ಲ. ಹಾಗಾಗಿ ಇ13.10 ಹಾಕುತ್ತಿದ್ದರು. 2017ರ ಅಕ್ಟೋಬರ್ 1ಕ್ಕೆ ಇ11.10, ಇ11.11 ಬಂದವು. ಪುಸ್ತಕ ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಹೊಸದಾಗುತ್ತದೆ. ಸೀನಿಯರ್ ಕೊಟ್ಟ ಪಿಡಿಎಫ್ ನಂಬಿಕೊಂಡು ಕೂರಬೇಡಿ.

ಲ್ಯಾಬ್ ರಿಪೋರ್ಟಿನಲ್ಲಿ ಎಲ್ಲ ಸ್ಪಷ್ಟವಾಗಿದೆ. ಡಾಕ್ಟರು ಬರೆಯಲು ಮರೆತಿದ್ದಾರೆ ಅಷ್ಟೇ. ನಾನೇ ಡಿಕೆಎ ಕೋಡ್ ಹಾಕಿಬಿಡಲಾ?

ಬೇಡ. ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ನಾನು ಈ ಕೆಲಸ ಕಲಿತಿದ್ದೇ ಇಂಥ ಒಂದು ಫೈಲಿನಿಂದ.

ನಾನಿದ್ದ ಆಸ್ಪತ್ರೆಗೆ ಬೋಟಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಬಂದಿದ್ದ. ವಾಂತಿ, ಹೊಟ್ಟೆನೋವು. ರಾತ್ರಿ ಡ್ಯೂಟಿ ಡಾಕ್ಟರು ಫೈಲಿನ ಮೊದಲ ಹಾಳೆಯಲ್ಲಿ "ಅಕ್ಯೂಟ್ ಗ್ಯಾಸ್ಟ್ರೈಟಿಸ್" ಎಂದು ಬರೆದರು. ಒಂದೂವರೆ ಗಂಟೆಯ ನಂತರ ಸಕ್ಕರೆ ನೋಡಿದಾಗ ನಾಲ್ಕುನೂರು ದಾಟಿತ್ತು. ಐಸಿಯುಗೆ ಹಾಕಿದರು, ಇನ್ಸುಲಿನ್ ಡ್ರಿಪ್ ಶುರುವಾಯಿತು. ಸಿಸ್ಟರುಗಳು ಗಂಟೆಗೊಮ್ಮೆ ಜಿಆರ್‌ಬಿಎಸ್, ಅಂದರೆ ಬೆರಳು ಚುಚ್ಚಿ ನೋಡುವ ಸಕ್ಕರೆ, ನೋಡಿ ಹಾಳೆ ತುಂಬ ಬರೆದಿದ್ದರು. ಒಂದು ಗಂಟೆಯೂ ತಪ್ಪಿಲ್ಲ. ಹುಡುಗ ಬದುಕಿ ನಡೆದುಕೊಂಡೇ ಮನೆಗೆ ಹೋದ. ಆದರೆ ಡಿಸ್ಚಾರ್ಜ್ ಸಮ್ಮರಿ ಟೈಪ್ ಮಾಡಿದವರು ಮೊದಲ ಹಾಳೆ ನೋಡಿ "ಗ್ಯಾಸ್ಟ್ರೈಟಿಸ್, ಹೈಪರ್‌ಗ್ಲೈಸೀಮಿಯಾ" (ಹೊಟ್ಟೆಯ ಉರಿಯೂತ, ಸಕ್ಕರೆ ಏರಿಕೆ) ಎಂದೇ ಹಾಕಿದರು. ಕ್ಲೇಮ್ ವಾಪಸ್ ಬಂತು. ಗ್ಯಾಸ್ಟ್ರೈಟಿಸ್‌ಗೆ ಮೂರು ದಿನ ಐಸಿಯು ಯಾಕೆ ಅಂತ ಕೇಳಿದ್ದರು. ಅವನ ಅಪ್ಪ ಆ ಪತ್ರ ಹಿಡಿದುಕೊಂಡು ನಮ್ಮ ಕಿಟಕಿ ಮುಂದೆ ನಿಂತಿದ್ದರು. ಪತ್ರ ಮಡಚಿ ಮಡಚಿ ನಾಲ್ಕು ಮೂಲೆಯೂ ಹರಿದಿತ್ತು.

ನನಗೆ ಆಗ ಬಂದ ಮೊದಲ ಯೋಚನೆ ಕೋಡ್ ಬದಲಿಸಿಬಿಡೋಣ ಅಂತ. ಲ್ಯಾಬ್ ರಿಪೋರ್ಟ್ ಇದೆಯಲ್ಲ. ನಮ್ಮ ಇನ್‌ಚಾರ್ಜ್ ಅಕ್ಕ ತಡೆದರು. "ನೀನು ಹಾಕಿದ ಕೋಡ್, ಡಾಕ್ಟರ ಬರಹ ಎರಡೂ ಬೇರೆ ಬೇರೆ ಹೇಳಿದರೆ ಸುಳ್ಳು ಹೇಳಿದ್ದು ನೀನಾಗ್ತೀಯ" ಅಂದರು. ಫೈಲ್ ತಗೊಂಡು ಮೇಲೆ ಹೋದೆ. ಫಿಸಿಶಿಯನ್ ಎಬಿಜಿ (ಅಪಧಮನಿ ರಕ್ತದ ಪಿಎಚ್ ತೋರಿಸುವ ಪರೀಕ್ಷೆ) ನೋಡಿದರು, ಕೀಟೋನ್ ನೋಡಿದರು. ಅಲ್ಲೇ ಕೂತು ಆ ದಿನದ ತಾರೀಕು, ಸಮಯ ಹಾಕಿ ಅಡೆಂಡಮ್, ಅಂದರೆ ನಂತರ ಸೇರಿಸುವ ಟಿಪ್ಪಣಿ, ಬರೆದು ಸಹಿ ಮಾಡಿದರು. ಆಮೇಲೆ ಕ್ಲೇಮ್ ಪಾಸಾಯಿತು.

ನಿಯಮವೂ ಅದನ್ನೇ ಹೇಳುತ್ತದೆ. ಲ್ಯಾಬಿನ ಅಂಕಿಯನ್ನು ಕೋಡ್ ಮಾಡುವವರು ರೋಗ ಎಂದು ಓದುವ ಹಾಗಿಲ್ಲ. ಚಿಕಿತ್ಸೆ ಮಾಡಿದ ಡಾಕ್ಟರು ರೋಗದ ಹೆಸರು ಬರೆದಿರಬೇಕು. ಪೊಟ್ಯಾಶಿಯಂ ಸೂಚಿಸುವ ಕೆ ಅಕ್ಷರದ ಪಕ್ಕ ಕೆಳಗಿಳಿದ ಬಾಣ ಹಾಕಿದ್ದನ್ನು ಹೈಪೊಕೇಲೀಮಿಯಾ, ಅಂದರೆ ಪೊಟ್ಯಾಶಿಯಂ ಇಳಿದ ಕಾಯಿಲೆ, ಎಂದು ಕೋಡ್ ಮಾಡುವಂತಿಲ್ಲ. ಆದರೆ ಅಂಕಿ ಏರುಪೇರಾಗಿದ್ದು, ಅದಕ್ಕೆ ಚಿಕಿತ್ಸೆಯೂ ಆಗಿದ್ದರೆ ಡಾಕ್ಟರನ್ನು ಕೇಳುವುದು ಸರಿ. ಆ ಕೇಳುವಿಕೆಗೆ ಕ್ವೆರಿ ಅನ್ನುತ್ತಾರೆ.

ಕ್ವೆರಿ ಹೇಗೆ ಬರೆಯಬೇಕು?

ಉತ್ತರ ನೀವೇ ತುರುಕಬಾರದು. "ಸರ್, ಇದು ಡಿಕೆಎ ಅಲ್ವಾ, ದಯವಿಟ್ಟು ಬರೆದುಕೊಡಿ" ಎಂದು ಬರೆದರೆ ತಪ್ಪು. ಫೈಲಿನಲ್ಲಿ ಏನಿದೆಯೋ ಅದನ್ನು ಮುಂದಿಡಿ: ಬಂದಾಗ ಗ್ಲೂಕೋಸ್ ಇಷ್ಟು, ಪಿಎಚ್ ಇಷ್ಟು, ಕೀಟೋನ್ ಇಷ್ಟು, ಇನ್ಸುಲಿನ್ ಡ್ರಿಪ್ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ. ನಂತರ ಕೇಳಿ: ಈ ಚಿಕಿತ್ಸೆ ಯಾವ ರೋಗಕ್ಕೆ? ಕೆಳಗೆ ಆಯ್ಕೆ ಕೊಡಿ. ಡಯಾಬಿಟಿಕ್ ಕೀಟೋಆಸಿಡೋಸಿಸ್, ಆಸಿಡೋಸಿಸ್ ಇಲ್ಲದ ಕೀಟೋಸಿಸ್, ಬರೀ ಹೈಪರ್‌ಗ್ಲೈಸೀಮಿಯಾ, ಬೇರೆ, ಹೇಳಲಾಗದು. ಹಣದ ಮಾತು, ಕ್ಲೇಮಿನ ಮಾತು ಅದರಲ್ಲಿ ಬರಲೇಬಾರದು.

ಡಾಕ್ಟರು ತಿದ್ದುವಾಗ ವೈಟ್ನರ್ ಹಚ್ಚಲು ಬಿಡಬೇಡಿ. ತಪ್ಪಿನ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದದ್ದು, ತಾರೀಕು, ಸಮಯ, ಸಹಿ. ಹಳೆಯದು ಓದಲು ಬರುವ ಹಾಗೇ ಇರಬೇಕು.

ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಎಬಿಜಿ ಮಷಿನ್ ಇಲ್ಲ. ಡಿಕೆಎ ಅಂತ ಬರೆಯಬಹುದಾ?

ಬರೆಯಬಹುದು. ಗ್ಲೂಕೋಸ್, ಮೂತ್ರದ ಕೀಟೋನ್ ಪಟ್ಟಿ, ಲ್ಯಾಬಿನಲ್ಲಿ ಆಗುವುದಾದರೆ ಬೈಕಾರ್ಬೊನೇಟ್, ಜೊತೆಗೆ ಉಸಿರಾಟದ ರೀತಿ. ಇವುಗಳ ಮೇಲೆ ಡಾಕ್ಟರು ನಿರ್ಣಯ ಮಾಡಿ ಬರೆದರೆ ಅದು ದಾಖಲೆಯೇ. ಅಪಧಮನಿ ರಕ್ತವೇ ಬೇಕು ಅಂತಿಲ್ಲ, ವೀನಸ್, ಅಂದರೆ ಅಭಿಧಮನಿ ರಕ್ತದ ಪಿಎಚ್ ಕೂಡ ನಡೆಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ತೊಂದರೆ ರೆಫರ್ ಮಾಡುವಾಗ ಆಗುತ್ತದೆ. ಸಿದ್ದಾಪುರದ ರೋಗಿ ಶಿರಸಿಗೆ, ಶಿರಸಿಯಿಂದ ಹುಬ್ಬಳ್ಳಿಗೆ. ಹೊನ್ನಾವರದವರು ಮಣಿಪಾಲಕ್ಕೆ, ಮಂಗಳೂರಿಗೆ. ಕಾರವಾರದವರು ಎಷ್ಟೋ ಸಲ ಗೋವಾಕ್ಕೆ. ದಾರಿಯಲ್ಲಿ ಎರಡು ಮೂರು ಬಾಟಲಿ ಸಲೈನ್ ಹೋಗಿರುತ್ತದೆ, ಕೆಲವೊಮ್ಮೆ ಇನ್ಸುಲಿನ್ ಕೂಡ. ದೊಡ್ಡ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸಕ್ಕರೆ 500ರಿಂದ 260ಕ್ಕೆ ಇಳಿದಿರುತ್ತದೆ, ಪಿಎಚ್ ಸ್ವಲ್ಪ ಸುಧಾರಿಸಿರುತ್ತದೆ. ಮೊದಲ ಅಂಕಿ ಯಾರ ಹತ್ತಿರವೂ ಇರುವುದಿಲ್ಲ. ಆಗ ಎರಡನೇ ಆಸ್ಪತ್ರೆಯ ಫೈಲಿನಲ್ಲಿ ಡಿಕೆಎ ಸಪ್ಪೆಯಾಗಿ ಕಾಣುತ್ತದೆ. ಇಷ್ಟಕ್ಕೆ ಐಸಿಯು ಬೇಕಿತ್ತಾ ಎಂದು ಕೇಳುವವರು ಕೇಳುತ್ತಾರೆ.

ಅದಕ್ಕೇ ರೆಫರಲ್ ಚೀಟಿಯಲ್ಲಿ ಇಷ್ಟು ಇರಲಿ: ಬಂದ ಸಮಯ, ಆ ಹೊತ್ತಿನ ಗ್ಲೂಕೋಸ್, ಕೀಟೋನ್ ಎಷ್ಟು ಪ್ಲಸ್, ನಾಡಿ, ಬಿಪಿ, ಉಸಿರಾಟದ ವೇಗ, ಎಚ್ಚರದ ಸ್ಥಿತಿ, ಯಾವ ಸಲೈನ್ ಎಷ್ಟು ಎಂಎಲ್, ಇನ್ಸುಲಿನ್ ಎಷ್ಟು ಯೂನಿಟ್ ಎಷ್ಟು ಗಂಟೆಗೆ, ಆಂಬುಲೆನ್ಸ್ ಹತ್ತಿದ ಸಮಯ. ಕೀಟೋನ್ ಪಟ್ಟಿಯ ಬಣ್ಣ ಸ್ವಲ್ಪ ಹೊತ್ತಿನಲ್ಲಿ ಬದಲಾಗುತ್ತದೆ. ನೋಡಿದ ಕೂಡಲೇ ಬರೆಯಿರಿ. ದೇವಿಮನೆ ಘಟ್ಟ ಹತ್ತಿ ಇಳಿಯುವಷ್ಟರಲ್ಲಿ ಆ ಅಂಕಿ ಯಾರಿಗೂ ನೆನಪಿರುವುದಿಲ್ಲ. ಈ ಒಂದು ಚೀಟಿಯನ್ನು ಚೆನ್ನಾಗಿ ಬರೆಯುವ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರುಗಳನ್ನು ನಾನು ನೋಡಿದ್ದೇನೆ. ಅವರ ಮೇಲೆ ನನಗೆ ತುಂಬ ಗೌರವ ಇದೆ.

ರೋಗಿ ಮಂಪರಿನಲ್ಲಿದ್ದ ಅಂತ ಬರೆದಿದ್ದಾರೆ. ಅದು ಕೋಮಾ ಅಲ್ವಾ?

ಅಲ್ಲ. ಮಂಪರು, ಗೊಂದಲ, ಸುಸ್ತು ಯಾವುದೂ ಕೋಮಾ ಅಲ್ಲ. ಎಚ್ಚರ ಅಳೆಯುವ ಜಿಸಿಎಸ್ ಅಂಕ ಕಮ್ಮಿ ಇದೆ ಅಂತ ನೀವೇ ಕೋಮಾ ಮಾಡಬೇಡಿ, ಡಾಕ್ಟರನ್ನು ಕೇಳಿ. ಅಮೆರಿಕದ ಪುಸ್ತಕದಲ್ಲಿ ಡಯಾಬಿಟಿಸ್‌ನ ಕೋಮಾಕ್ಕೆ ಆರ್40 ಗುಂಪಿನ ಕೋಡನ್ನು ಬೇರೆಯಾಗಿ ಸೇರಿಸುವಂತಿಲ್ಲ. ಇ10.11ರಲ್ಲೇ ಅದು ಸೇರಿದೆ.

ಶುಗರ್ 180 ಮಾತ್ರ ಇದೆ, ಆದರೂ ಡಾಕ್ಟರು ಡಿಕೆಎ ಅಂತ ಬರೆದಿದ್ದಾರೆ. ತಪ್ಪಿರಬಹುದಾ?

ಮಾತ್ರೆಗಳ ಪಟ್ಟಿ ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆ ಇದೆಯಾ? ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹಾಗಾಗಿ ರಕ್ತದ ಸಕ್ಕರೆ ಜಾಸ್ತಿ ಏರದೆಯೇ ಕೀಟೋನ್ ಏರಬಹುದು. ಇದಕ್ಕೆ ಯುಗ್ಲೈಸೀಮಿಕ್ ಡಿಕೆಎ ಅನ್ನುತ್ತಾರೆ. 2015ರಲ್ಲೇ ಅಮೆರಿಕದ ಔಷಧ ಇಲಾಖೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ನಮ್ಮಲ್ಲಿ 2020ರ ನಂತರ ಡಾಪಾಗ್ಲಿಫ್ಲೋಜಿನ್ ಅಗ್ಗವಾಗಿ ಈಗ ಹಳ್ಳಿಯ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಉಪವಾಸ ಮಾಡಿದವರಲ್ಲಿ, ವಾಂತಿಯಾಗಿ ಊಟ ಬಿಟ್ಟವರಲ್ಲಿ, ಆಪರೇಷನ್‌ಗೆಂದು ಹೊಟ್ಟೆ ಖಾಲಿ ಇಟ್ಟವರಲ್ಲಿ ಇದು ಕಾಣಿಸಿಕೊಳ್ಳಬಹುದು.

ಇಂಥ ಫೈಲಿನಲ್ಲಿ ಡಾಕ್ಟರು "ಇಂಥ ಮಾತ್ರೆಯಿಂದ" ಎಂಬ ಮಾತನ್ನು ಬರೆಯಬೇಕು. ಆಗ ಅಮೆರಿಕದ ಕೋಡಿನಲ್ಲಿ ಇ11.10ರ ಜೊತೆ ಔಷಧಿಯ ಅಡ್ಡ ಪರಿಣಾಮಕ್ಕೆ ಟಿ38.3ಎಕ್ಸ್5ಎ ಬರುತ್ತದೆ. ಬರೆಯದಿದ್ದರೆ ಆ ರೋಗಿಗೆ ಮುಂದಿನ ತಿಂಗಳು ಇನ್ಯಾರೋ ಅದೇ ಮಾತ್ರೆ ಮತ್ತೆ ಬರೆದುಕೊಡುತ್ತಾರೆ. ನನಗೆ ಕೋಡಿಗಿಂತ ಅದರದ್ದೇ ಹೆಚ್ಚು ಚಿಂತೆ.

ಇನ್ಸುಲಿನ್ ಬಿಟ್ಟದ್ದಕ್ಕೆ ಬೇರೆ ಕೋಡ್ ಇದೆಯಾ?

ಅಮೆರಿಕದ ಪುಸ್ತಕದಲ್ಲಿ ಇದೆ. ಹೇಳಿದ್ದಕ್ಕಿಂತ ಕಮ್ಮಿ ತೆಗೆದುಕೊಂಡರೆ ಅಥವಾ ನಿಲ್ಲಿಸಿದರೆ ಟಿ38.3ಎಕ್ಸ್6ಎ. ಇದು ಯಾವತ್ತೂ ಮೊದಲ ಕೋಡ್ ಆಗುವುದಿಲ್ಲ. ಡಿಕೆಎ ಮೊದಲು, ಇದು ಆಮೇಲೆ. ಇದರ ಜೊತೆ ಯಾಕೆ ಬಿಟ್ಟರು ಎಂಬ ಕೋಡ್. ಹಣವಿಲ್ಲದೆ ಬಿಟ್ಟರೆ ಝಡ್91.120. ಬೇರೆ ಕಾರಣಕ್ಕೆ ಬೇಕೆಂದೇ ಬಿಟ್ಟರೆ ಝಡ್91.128. ಗೊತ್ತಿಲ್ಲದೆ, ಮರೆತು ಆದದ್ದಾದರೆ ಝಡ್91.138. ಇನ್ಸುಲಿನ್ ಪಂಪ್ ಕೆಟ್ಟು ಹೀಗಾದರೆ ಪಂಪಿನ ಕೋಡ್ ಮೊದಲು ಬರುತ್ತದೆ. ಅದು ನಮ್ಮ ಕಡೆ ಅಪರೂಪ.

ನಮ್ಮೂರಿನ ಫೈಲುಗಳಲ್ಲಿ "ನಾನ್-ಕಂಪ್ಲಯಂಟ್", ಅಂದರೆ ಹೇಳಿದಂತೆ ಔಷಧಿ ತೆಗೆದುಕೊಳ್ಳದವರು, ಎಂಬ ಒಂದೇ ಪದ ಬರೆದು ಮುಗಿಸುತ್ತಾರೆ. ಆ ಪದ ಓದಿದಾಗೆಲ್ಲ ಬೇಜಾರಾಗುತ್ತದೆ. ಅದರ ಹಿಂದೆ ಏನೇನೋ ಇರುತ್ತದೆ. ಬೋಟ್ ಹತ್ತಿ ವಾರಗಟ್ಟಲೆ ಸಮುದ್ರದಲ್ಲಿರುವವನು ಇನ್ಸುಲಿನ್ ಬಾಟಲಿಯನ್ನು ಮೀನಿನ ಐಸಿನೊಳಗೆ ಇಟ್ಟಿರುತ್ತಾನೆ. ಅದು ಗಟ್ಟಿಯಾಗಿ ಕೆಟ್ಟಿರುತ್ತದೆ. ಅವನು ತಪ್ಪದೆ ಚುಚ್ಚಿಕೊಂಡಿದ್ದಾನೆ, ಔಷಧಿಯಲ್ಲಿ ಶಕ್ತಿ ಉಳಿದಿಲ್ಲ ಅಷ್ಟೇ. ಶಿರಸಿ ಜಾತ್ರೆಗೆ ಮನೆ ತುಂಬ ನೆಂಟರು ಬಂದಾಗ ಎಲ್ಲರಿಗೂ ಬಡಿಸಿದ ಮನೆಯಾಕೆ ತನ್ನ ಸೂಜಿ ಮರೆತಿರುತ್ತಾಳೆ. ಇನ್ನೊಬ್ಬರು ನಾಟಿ ಔಷಧಿ ಶುರು ಮಾಡಿ ಇನ್ಸುಲಿನ್ ನಿಲ್ಲಿಸಿರುತ್ತಾರೆ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿ ಬಾಟಲಿಯೇ ಸಿಕ್ಕಿರುವುದಿಲ್ಲ. ನಾಲ್ಕಕ್ಕೂ ನಾಲ್ಕು ಬೇರೆ ಪರಿಹಾರ ಬೇಕು. ಒಂದೇ ಪದದಲ್ಲಿ ಬರೆದರೆ ನಾಲ್ವರೂ ಒಂದೇ ಆಗಿಬಿಡುತ್ತಾರೆ. ಕೊಂಕಣಿಯಲ್ಲೋ ಹವ್ಯಕದಲ್ಲೋ ಅವರು ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಂಡು ಒಂದು ಸಾಲು ಬರೆಯಿರಿ.

ಆಸಿಡೋಸಿಸ್, ಪೊಟ್ಯಾಶಿಯಂ, ಕಿಡ್ನಿ ತೊಂದರೆ, ಇವಕ್ಕೆಲ್ಲ ಬೇರೆ ಬೇರೆ ಕೋಡ್ ಹಾಕಬೇಕಾ?

ಆಸಿಡೋಸಿಸ್‌ಗೆ ಬೇಡ, ಅದು ಡಿಕೆಎ ಒಳಗೇ ಇದೆ. ಇ87.2 ಗುಂಪನ್ನು ಇ10.10ರ ಜೊತೆ ಹಾಕಬಾರದು. ಪೊಟ್ಯಾಶಿಯಂ ಇಳಿದದ್ದನ್ನು ಡಾಕ್ಟರು ಹೈಪೊಕೇಲೀಮಿಯಾ ಎಂದು ಬರೆದು ಚಿಕಿತ್ಸೆ ಮಾಡಿದ್ದರೆ ಇ87.6. ಕಿಡ್ನಿಗೆ ಒಮ್ಮೆಲೇ ಪೆಟ್ಟಾಗಿದೆ ಎಂದು ಬರೆದಿದ್ದರೆ ಎನ್17.9. ಮಕ್ಕಳಲ್ಲಿ ಮಿದುಳು ಊದಿಕೊಂಡದ್ದನ್ನು ಬರೆದಿದ್ದರೆ ಜಿ93.6. ಇದು ಡಿಕೆಎಯಲ್ಲಿ ಮಕ್ಕಳ ಜೀವಕ್ಕೇ ಬರುವ ತೊಡಕು, ತಪ್ಪದೆ ಕೋಡ್ ಆಗಬೇಕು.

ಮೂತ್ರದ ಸೋಂಕಿನಿಂದ ಡಿಕೆಎ ಆಗಿದೆ. ಯಾವುದು ಮೊದಲು?

ರೋಗಿಯನ್ನು ಮುಖ್ಯವಾಗಿ ಯಾವುದಕ್ಕಾಗಿ ಅಡ್ಮಿಟ್ ಮಾಡಿದರೋ ಅದು ಮೊದಲು. ಸಾಧಾರಣವಾಗಿ ಅದು ಡಿಕೆಎಯೇ. ಸೋಂಕಿನ ಕೋಡ್ ನಂತರ. ಸೆಪ್ಸಿಸ್, ಅಂದರೆ ಸೋಂಕಿನಿಂದ ಇಡೀ ದೇಹ ಕೆಡುವ ಸ್ಥಿತಿ, ಅಂತ ಬರೆದಿದ್ದರೆ ಲೆಕ್ಕ ಬೇರೆ. ಆ ಅಧ್ಯಾಯದ ನಿಯಮ ತೆಗೆದು ಓದಿಯೇ ಹಾಕಿ.

ಗರ್ಭಿಣಿಗೆ ಡಿಕೆಎ ಆದರೆ?

ಗರ್ಭಧಾರಣೆಯ ಅಧ್ಯಾಯದ ಓ24 ಗುಂಪಿನ ಕೋಡ್ ಮೊದಲು, ಆಮೇಲೆ ಇ10.10 ಅಥವಾ ಇ11.10. ಎಷ್ಟನೇ ತಿಂಗಳು ಎಂಬುದು ಫೈಲಿನಲ್ಲಿ ಇರಲೇಬೇಕು.

ಆಯುಷ್ಮಾನ್ ಕಾರ್ಡಿನಲ್ಲಿ, ವಿಮೆಯಲ್ಲಿ ಯಾವ ಬರಹ ಮುಖ್ಯ?

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಅಲ್ಲಿ ಹಣ ಬರುವುದು ಪ್ಯಾಕೇಜ್ ಕೋಡಿನ ಮೇಲೆ, ಐಸಿಡಿ ಕೋಡಿನ ಮೇಲಲ್ಲ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಆದರೆ ಆ ಪ್ಯಾಕೇಜ್ ಸರಿ ಎಂದು ತೋರಿಸುವುದು ನಿಮ್ಮ ಕೇಸ್ ಶೀಟೇ. ಮೊದಲ ರಿಪೋರ್ಟುಗಳು, ಗಂಟೆಗಂಟೆಯ ಗ್ಲೂಕೋಸ್ ಹಾಳೆ, ಡ್ರಿಪ್ ಶುರುವಾದ ಮತ್ತು ನಿಂತ ಸಮಯ ಇರಬೇಕು.

ಖಾಸಗಿ ವಿಮೆಯಲ್ಲಿ ತಕರಾರು ಏಳುವುದು "ಎಷ್ಟು ವರ್ಷದಿಂದ ಶುಗರ್" ಎಂಬ ಸಾಲಿನಲ್ಲಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 36 ತಿಂಗಳವರೆಗೂ ಇರಬಹುದು. ಹುಡುಗಿಗೆ ಡಿಕೆಎ ಆದಾಗಲೇ ಮೊದಲ ಸಲ ಡಯಾಬಿಟಿಸ್ ಗೊತ್ತಾಗಿರುತ್ತದೆ. ಗಾಬರಿಯಲ್ಲಿದ್ದ ಮಾವನನ್ನು ಕೇಳಿದಾಗ "ಹೌದು, ನಾಲ್ಕು ವರ್ಷದಿಂದ ಸುಸ್ತು ಅಂತಿದ್ಲು" ಅಂದಿರುತ್ತಾರೆ. ಅದು "ನಾಲ್ಕು ವರ್ಷದಿಂದ ಡಯಾಬಿಟಿಸ್" ಎಂದು ಹಾಳೆಗೆ ಇಳಿಯುತ್ತದೆ. ಯಾರು ಹೇಳಿದರು, ಏನು ಹೇಳಿದರು, ಹಳೇ ಚೀಟಿ ನೋಡಿದ್ದೀರಾ ಎಂದು ಬರೆಯಿರಿ. ಮೊದಲ ಸಲ ಪತ್ತೆಯಾದದ್ದಾದರೆ ಹಾಗೇ ಬರೆಯಿರಿ. ನಿಜಕ್ಕೂ ನಾಲ್ಕು ವರ್ಷದಿಂದ ಇದ್ದರೆ ಅದನ್ನೂ ಹಾಗೇ ಬರೆಯಿರಿ. ಮನೆಯವರು ಎಷ್ಟು ಬೇಡಿಕೊಂಡರೂ ಬದಲಿಸಬೇಡಿ. ಬೇಡಿಕೊಳ್ಳುವವರ ಮುಖ ನೋಡಿ ಇಲ್ಲ ಅನ್ನುವುದು ಕಷ್ಟ, ನನಗೆ ಗೊತ್ತು.

ರೋಗಿ ತೀರಿಕೊಂಡರೆ ಸಾವಿನ ಕಾರಣದ ಫಾರಂನಲ್ಲಿ ಏನು ಬರೆಯಬೇಕು?

ಆಸ್ಪತ್ರೆಯಲ್ಲಿ ತೀರಿಕೊಂಡರೆ ಫಾರಂ 4, ಮನೆಯಲ್ಲಾದರೆ ಫಾರಂ 4ಎ. ಮೊದಲ ಭಾಗದ ಮೇಲಿನ ಸಾಲಿನಲ್ಲಿ ನೇರ ಕಾರಣ, ಅದರ ಕೆಳಗೆ ಅದಕ್ಕೆ ಮೂಲ. ಉದಾಹರಣೆಗೆ, ಎ ಸಾಲಿನಲ್ಲಿ ಡಯಾಬಿಟಿಕ್ ಕೀಟೋಆಸಿಡೋಸಿಸ್, ಎರಡು ದಿನ. ಬಿ ಸಾಲಿನಲ್ಲಿ ಟೈಪ್ 1 ಡಯಾಬಿಟಿಸ್, ಆರು ವರ್ಷ. "ಹೃದಯ, ಉಸಿರಾಟ ನಿಂತಿತು" ಎಂದು ಮಾತ್ರ ಬರೆಯಬೇಡಿ. ಅದು ಎಲ್ಲರ ಸಾವಿನಲ್ಲೂ ಆಗುವುದೇ. ಹಾಗೆ ಬರೆದ ಫಾರಂನಿಂದ ಜಿಲ್ಲೆಯಲ್ಲಿ ಡಿಕೆಎಯಿಂದ ಸತ್ತವರ ಲೆಕ್ಕ ಯಾರಿಗೂ ಸಿಗುವುದಿಲ್ಲ. ಇಲ್ಲಿ ದೊಡ್ಡ ಆಸ್ಪತ್ರೆ ಬೇಕು ಎಂದು ನಾವೆಲ್ಲ ಕೇಳುತ್ತಲೇ ಇದ್ದೇವೆ. ಕೇಳುವಾಗ ತೋರಿಸಲು ಇಂಥ ಲೆಕ್ಕವೇ ಬೇಕು.

ಮಗಳು ಕೋಡಿಂಗ್ ಕಲಿಯಬೇಕು ಅಂತಿದ್ದಾಳೆ. ಊರು ಬಿಡದೆ ಆಗುತ್ತಾ?

ಆಗುತ್ತದೆ. ಜೀವಶಾಸ್ತ್ರ ಓದಿದ್ದರೆ, ನರ್ಸಿಂಗ್ ಅಥವಾ ಫಾರ್ಮಸಿ ಆಗಿದ್ದರೆ ಸುಲಭ. ಅಮೆರಿಕದ ಕೋಡಿಂಗ್ ಅರ್ಹತೆಯ ಸಿಪಿಸಿ ಪರೀಕ್ಷೆಯಲ್ಲಿ 100 ಪ್ರಶ್ನೆ, ನಾಲ್ಕು ಗಂಟೆ, ಶೇ. 70 ಬೇಕು. ಮೊದಲ ಒಂದೆರಡು ವರ್ಷ ಮಂಗಳೂರು ಅಥವಾ ಬೆಂಗಳೂರಿನ ಆಫೀಸಿನಲ್ಲಿ ಕೂತು ಕಲಿಯಲಿ ಅನ್ನುವುದು ನನ್ನ ಅಭಿಪ್ರಾಯ. ಪಕ್ಕದಲ್ಲಿ ಕೇಳಲು ಯಾರಾದರೂ ಇರಬೇಕು.

ನಮ್ಮ ಮಗನ ಫೈಲಿನ ಕಾಪಿ ಆಸ್ಪತ್ರೆಯವರು ಕೊಡುತ್ತಾರಾ?

ಕೊಡಬೇಕು. 2002ರ ವೈದ್ಯಕೀಯ ನಡವಳಿಕೆ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದಾಗಿನಿಂದ ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬರಹದಲ್ಲಿ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ.

ಬರೀ ಡಿಸ್ಚಾರ್ಜ್ ಕಾರ್ಡ್ ಸಾಕಾಗುವುದಿಲ್ಲ. ಅಡ್ಮಿಟ್ ಆದ ದಿನದ ಹಾಳೆ, ಮೊದಲ ಎಬಿಜಿ, ಕೀಟೋನ್ ರಿಪೋರ್ಟ್, ಗಂಟೆಗಂಟೆಯ ಗ್ಲೂಕೋಸ್ ಹಾಳೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ), ಇಷ್ಟನ್ನು ಹೆಸರು ಹೇಳಿ ಕೇಳಿ. ಎರಡು ಜೆರಾಕ್ಸ್ ಮಾಡಿಸಿ. ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅವನ ಬ್ಯಾಗಿನಲ್ಲೇ ಇಡಿ, ನಮ್ಮ ಮಳೆಗಾಲಕ್ಕೆ ಕಾಗದ ಉಳಿಯುವುದಿಲ್ಲ. ಕವರಿನ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಟೈಪ್ 1 ಅಥವಾ ಟೈಪ್ 2 ಎಂದು ಬರೆದಿಡಿ. ರಾತ್ರಿ ಎರಡು ಗಂಟೆಗೆ ಯಾವುದೋ ಊರಿನ ಡ್ಯೂಟಿ ಡಾಕ್ಟರು ಮೊದಲು ಕೇಳುವುದು ಅದನ್ನೇ.